ಬೆಳಕಿನ ವೇಗದ ಸಿಪಾಯಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಂತರಿಕ್ಷ ಯುದ್ಧದ ಕಥೆಗಳು ಬರತೊಡಗಿರುವುದು ಸಂತೋಷ. ಆದರೆ ಅವುಗಳಲ್ಲಿ ಲೇಸರ್‌ಗೆ ಸಿಗುವ ಜಾಗ ಸಿಪಾಯಿಗೆ ಸಿಗುತ್ತಿಲ್ಲ. ಇಂಥ ಕಥೆ ಬರೆಯುವವರು ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಜೋ ಹಾಲ್ಡ್‌ಮನ್ ಅವರನ್ನು ಓದಲೇಬೇಕು.

1943ರಲ್ಲಿ ಹುಟ್ಟಿದ ಹಾಲ್ಡ್‌ಮನ್ ಓದಿದ್ದು ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ. 1967ರಲ್ಲಿ ಪದವಿ ಮುಗಿಯುತ್ತಲೇ ಕಡ್ಡಾಯ ಸೇನಾ ಸೇವೆಗೆ ಕರೆ ಬಂತು. ವಿಯೆಟ್ನಾಂನಲ್ಲಿ ಅವರದು ನಮ್ಮ ಸೇನೆಯ ಎಂಜಿನಿಯರ್ ಸಿಪಾಯಿಗಳಾದ ಸ್ಯಾಪರ್‌ಗಳು ಮಾಡುವಂಥ ಕೆಲಸ, ಅಲ್ಲೇ ಗಾಯಗೊಂಡರು. 18 ಪ್ರಕಾಶಕರು ಬೇಡವೆಂದ ಅವರ ಅಂತರಿಕ್ಷ ಯುದ್ಧದ ಕಾದಂಬರಿ ‘ದಿ ಫಾರೆವರ್ ವಾರ್’ 1974ರಲ್ಲಿ ಪುಸ್ತಕವಾಗಿ ಬಂದು, ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ ಮತ್ತು ನೆಬ್ಯುಲಾ ಎರಡನ್ನೂ ಪಡೆಯಿತು. ಸಿಪಾಯಿ ಊರಿಗೆ ಮರಳುವ ನಡುವಿನ ಭಾಗ ತೀರ ನಿರಾಶೆಯದೆಂದು ಕಾದಂಬರಿಯನ್ನು ಧಾರಾವಾಹಿಯಾಗಿ ಛಾಪಿಸಿದ ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ, ಬೇರೆಯದನ್ನೇ ಬರೆದುಕೊಡಬೇಕಾಯಿತು. ಮೂಲ ಭಾಗ ಸೇರಿದ್ದು ಎಷ್ಟೋ ವರ್ಷಗಳ ನಂತರದ ಆವೃತ್ತಿಯಲ್ಲಿ. ಕಾದಂಬರಿಯ ಜೀವ ಇರುವುದೇ ಆ ಭಾಗದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಅವರ ಶೈಲಿಗೆ ಒಂದೇ ಉದಾಹರಣೆ ಸಾಕು. ಈ ಕಾದಂಬರಿಯಲ್ಲಿ ಸಿಪಾಯಿಗಳ ತರಬೇತಿ ನಡೆಯುವುದು ಅತಿ ಶೀತದ ಗ್ರಹದಲ್ಲಿ. ಯುದ್ಧ ಕವಚದ ಬೆನ್ನಿಗೆ ಒಳಗಿನ ಶಾಖ ಹೊರಹಾಕುವ ರೆಕ್ಕೆಗಳಿವೆ. ದಣಿದ ಸಿಪಾಯಿ ಹೆಪ್ಪುಗಟ್ಟಿದ ಅನಿಲದ ಬಂಡೆಗೆ ಒರಗಿದರೆ, ಕಾದ ರೆಕ್ಕೆ ತಗುಲಿ ಆ ಹೆಪ್ಪು ಕ್ಷಣದಲ್ಲಿ ಆವಿಯಾಗಿ ಗ್ರೆನೇಡಿನಂತೆ ಸಿಡಿಯುತ್ತದೆ. ವೈರಿ ಕಣ್ಣಿಗೇ ಬಿದ್ದಿಲ್ಲ, ಆಗಲೇ ಸಾವು ಬೆನ್ನ ಹಿಂದಿದೆ. ಇದನ್ನು ಅವರು ಹೇಳುವುದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಉಸ್ತಾದ ಪಾಠ ಹೇಳುವ ಧಾಟಿಯಲ್ಲಿ. ವೀರಾವೇಶದ ಒಂದು ಮಾತೂ ಇಲ್ಲ.

ನಮ್ಮ ಕಥೆಗಳು ಹೆಚ್ಚಾಗಿ ಎಡವುವುದು ಕಾಲದ ಲೆಕ್ಕದಲ್ಲಿ. ಬೆಳಕಿನ ವೇಗದ ಹತ್ತಿರ ಹೋದಷ್ಟೂ ನೌಕೆಯಲ್ಲಿ ಕಾಲ ಊರಿಗಿಂತ ನಿಧಾನವಾಗಿ ಸರಿಯುತ್ತದೆ. ಬೆಳಕಿನ ಶೇ. 90 ವೇಗದಲ್ಲಿ ನೌಕೆಯ ಒಂದು ವರ್ಷಕ್ಕೆ ಭೂಮಿಯ ಮೇಲೆ ಸುಮಾರು 2.3 ವರ್ಷ, ಶೇ. 99ಕ್ಕೆ 7 ವರ್ಷ, ಶೇ. 99.9ಕ್ಕೆ 22 ವರ್ಷ. ಆ ವೇಗವೂ ಗುಂಡಿ ಒತ್ತಿದ ಕೂಡಲೇ ಬರುವುದಿಲ್ಲ. ಮೈಗೆ ಹಿತವಾದ 1 ಜಿ (ಭೂಮಿಯ ಸೆಳೆತದಷ್ಟೇ) ವೇಗವರ್ಧನೆಯಲ್ಲಿ ಶೇ. 99 ಮುಟ್ಟಲು ನೌಕೆಯ ಗಡಿಯಾರದಲ್ಲಿ ಎರಡೂವರೆ ವರ್ಷ ಬೇಕು, ಊರಲ್ಲಿ ಹೆಚ್ಚುಕಡಿಮೆ ಏಳು ವರ್ಷ ಸರಿದಿರುತ್ತದೆ. ನಿಲ್ಲುವುದಕ್ಕೆ ಮತ್ತೆ ಅಷ್ಟೇ. ಅವಸರವಿದ್ದರೆ ಹಾಲ್ಡ್‌ಮನ್ ಮಾಡಿದಂತೆ ಸಿಪಾಯಿಯನ್ನು ದ್ರವ ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಬೇಕು, ಇಲ್ಲವಾದರೆ ಎಲುಬು ಉಳಿಯವು. ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಸಾಲು ಎಳೆದು, ನೌಕೆಯ ವರ್ಷ ಮತ್ತು ಊರಿನ ವರ್ಷ ಎದುರುಬದುರು ಬರೆದುಕೊಂಡರೆ ಊರಲ್ಲಿ ಕಾಯುವ ಸಿಪಾಯಿಯ ತಾಯಿಯ ವಯಸ್ಸು ತಪ್ಪುವುದಿಲ್ಲ.

ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರು ನಮ್ಮದು. ರಜೆಗೆ ಬಂದ ಜವಾನ, ತಾನಿಲ್ಲದಾಗ ಹುಟ್ಟಿದ ಮಗು ಅಪರಿಚಿತನೆಂದು ಅಳುವುದನ್ನು ಕಂಡ ಮನೆಗಳು ಬೆಳಗಾವಿ ಸುತ್ತ ಎಷ್ಟೋ ಇವೆ. ಕನ್ನಡದ ಲೇಖಕರಿಗೆ ಇದಕ್ಕಿಂತ ದೊಡ್ಡ ಸಾಮಗ್ರಿ ಬೇಕಿಲ್ಲ. ಪುರವಣಿಯವರು ಮುಂದಿನ ಕಥೆ ಆರಿಸುವಾಗ ಬಂದೂಕಿನ ಜೊತೆ ಆ ಹಾಳೆಯನ್ನೂ ಕೇಳಿ ಪಡೆಯಬೇಕೆಂದು ವಿನಂತಿ.

— ಕೆಲವು ಓದುಗರು, ಟಿಳಕವಾಡಿ, ಬೆಳಗಾವಿ