ಕಾಯುವವರಿಗೆ ಪರದೆ ಉತ್ತರ ಕೊಡಲಿ

ಮಾನ್ಯ ಸಂಪಾದಕರಿಗೆ,

ಸಹಕಾರ ಸಂಘಗಳು, ಸಣ್ಣ ಆಸ್ಪತ್ರೆಗಳು, ಮುದ್ರಣಾಲಯಗಳು, ಅಂಗಡಿಗಳು ದಿನವೂ ಬಳಸುವ ಡೆಸ್ಕ್‌ಟಾಪ್ ತಂತ್ರಾಂಶಗಳು ದೀರ್ಘ ಕೆಲಸವೊಂದು ಎಷ್ಟು ಮುಂದುವರಿದಿದೆ ಎಂದು ತೋರಿಸದಿರುವ ಕೊರತೆಯ ಬಗ್ಗೆ, ಹದಿನೆಂಟು ವರ್ಷಗಳಿಂದ ಇಂಥ ತಂತ್ರಾಂಶಗಳನ್ನೇ ಬರೆದು ಜೀವನ ಸಾಗಿಸುತ್ತಿರುವ ನಾನು ತಮ್ಮ ಪತ್ರಿಕೆಯ ಮೂಲಕ ನಾಲ್ಕು ಮಾತು ಹೇಳಬಯಸುತ್ತೇನೆ.

ಕಳೆದ ಮಾರ್ಚ್ 31ರ ಸಂಜೆ ನಮ್ಮ ತಾಲ್ಲೂಕಿನ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯೊಬ್ಬರು ವರ್ಷಾಂತ್ಯದ ಬಡ್ಡಿ ಹಾಕುವ ಬಟನ್ ಒತ್ತಿದರು. ಮೌಸ್‌ನ ಬಾಣ ಸುತ್ತುವ ಚಕ್ರವಾಯಿತು, ಪರದೆಯ ಮೇಲಿನ ತಂತ್ರಾಂಶದ ಕಿಟಕಿ (ವಿಂಡೊ) ಬಿಳಿಚಿಕೊಂಡಿತು, ಅದರ ತಲೆಪಟ್ಟಿಯ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂಬ ಇಂಗ್ಲಿಷ್ ಪದಗಳು ಮೂಡಿದವು. ಇಪ್ಪತ್ತು ನಿಮಿಷ ಕಾದರು. ತಂತ್ರಾಂಶ ಕೊಟ್ಟವರ ಫೋನ್ ಯಾರೂ ಎತ್ತಲಿಲ್ಲ. ಸಿಸ್ಟಮ್ ಹ್ಯಾಂಗ್ ಆಗಿದೆ ಎಂದು ತಿಳಿದು ಪವರ್ ಬಟನ್ ಒತ್ತಿ ಆರಿಸಿದರು. ಮತ್ತೆ ಹಚ್ಚಿ ನೋಡಿದಾಗ ಸುಮಾರು 9,000 ಖಾತೆಗಳ ಪೈಕಿ ಅರ್ಧಕ್ಕೂ ಹೆಚ್ಚು ಖಾತೆಗಳಿಗೆ ಬಡ್ಡಿ ಜಮಾ ಆಗಿತ್ತು, ಉಳಿದವಕ್ಕೆ ಆಗಿರಲಿಲ್ಲ. ಆ ಸಂಘದ ಸಿಬ್ಬಂದಿ ಮೂರು ರಾತ್ರಿ ಕುಳಿತು ಲೆಡ್ಜರ್ ತಾಳೆ ನೋಡಬೇಕಾಯಿತು. ಪರಿಚಯದವರೆಂದು ನನ್ನನ್ನು ಕರೆದಿದ್ದರಿಂದ ಹೋಗಿ ಪರಿಶೀಲಿಸಿದೆ. ತಂತ್ರಾಂಶ ಕೆಟ್ಟಿರಲೇ ಇಲ್ಲ. ಕರೆಂಟು ತೆಗೆದ ಕ್ಷಣದವರೆಗೂ ಖಾತೆಯಿಂದ ಖಾತೆಗೆ ಸರಿಯಾಗಿಯೇ ಲೆಕ್ಕ ಹಾಕುತ್ತಾ ಸಾಗಿತ್ತು. ಕೆಲಸ ನಡೆದಿದೆ ಎಂದು ಎದುರಿಗೆ ಕುಳಿತವರಿಗೆ ತಿಳಿಸುವ ಏರ್ಪಾಡನ್ನು ಮಾತ್ರ ಅದನ್ನು ಬರೆದವರು ಮಾಡಿರಲಿಲ್ಲ. ಆ ಏರ್ಪಾಡಿಗೆ ನಮ್ಮ ವೃತ್ತಿಯಲ್ಲಿ ಪ್ರೋಗ್ರೆಸ್ ಡೈಲಾಗ್ ಎನ್ನುತ್ತೇವೆ.

ಕಿಟಕಿ ಏಕೆ ಬಿಳಿಚಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಮೌಸ್ ಒತ್ತಿದ್ದು, ಕೀಲಿ ತಟ್ಟಿದ್ದು, ಪರದೆಯನ್ನು ಮತ್ತೆ ಬಿಡಿಸು ಎಂಬ ಸೂಚನೆ, ಇವೆಲ್ಲವೂ ಸಂದೇಶಗಳಾಗಿ ಒಂದು ಸರದಿಯಲ್ಲಿ ನಿಲ್ಲುತ್ತವೆ. ಕಿಟಕಿಯನ್ನು ನೋಡಿಕೊಳ್ಳುವ ಥ್ರೆಡ್, ಅಂದರೆ ತಂತ್ರಾಂಶದೊಳಗೆ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡುವ ಎಳೆ, ಅವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತದೆ. ಬಡ್ಡಿ ಲೆಕ್ಕದ ಲೂಪನ್ನೂ (ಪ್ರತಿ ಖಾತೆಗೂ ಮರಳಿ ಮರಳಿ ನಡೆಯುವ ಸುತ್ತನ್ನೂ) ಅದೇ ಥ್ರೆಡ್ಡಿನ ತಲೆಗೆ ಕಟ್ಟಿದರೆ, ಲೂಪ್ ಮುಗಿಯುವವರೆಗೆ ಸರದಿಯ ಕಡೆ ನೋಡಲು ಅದಕ್ಕೆ ಬಿಡುವೇ ಇರುವುದಿಲ್ಲ. ಹೀಗೆ 5 ಸೆಕೆಂಡು ಕಳೆದರೆ ವಿಂಡೋಸ್ ಆ ಕಿಟಕಿಯ ಮೇಲೆ ತನ್ನದೇ ಮಸುಕು ಪ್ರತಿಯೊಂದನ್ನು ಹೊದಿಸಿ ಮೇಲಿನ ಎರಡು ಪದಗಳನ್ನು ಬರೆಯುತ್ತದೆ. ಆ ಪದಗಳಿಗೆ ‘ಸದ್ಯಕ್ಕೆ ಕಿವಿಗೊಡುತ್ತಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಆದರೆ ಕೌಂಟರ್‌ನ ಹಿಂದೆ ಕುಳಿತವರು ಅದನ್ನು ‘ಸತ್ತಿದೆ’ ಎಂದು ಓದಿಕೊಂಡರೆ ಅವರದು ತಪ್ಪೆನ್ನಲಾಗದು.

ಭಾರದ ಕೆಲಸವನ್ನು ಬೇರೆ ಥ್ರೆಡ್ಡಿಗೆ ವಹಿಸಿ, ಅದು ಆಗಾಗ ಕಿಟಕಿಯ ಥ್ರೆಡ್ಡಿಗೆ ವರದಿ ಒಪ್ಪಿಸುವಂತೆ ಮಾಡುವುದೇ ಇದಕ್ಕೆ ಪರಿಹಾರ. ತಂತ್ರಾಂಶ ಬರೆಯಲು ನಾವು ಬಳಸುವ ಭಾಷೆ, ವೇದಿಕೆಗಳಲ್ಲಿ ಇದಕ್ಕೆ ಬೇಕಾದ ಸಲಕರಣೆಗಳು ಹೊಸವೇನಲ್ಲ. ಡಾಟ್‌ನೆಟ್‌ನಲ್ಲಿ 2005ರಿಂದ ಬ್ಯಾಕ್‌ಗ್ರೌಂಡ್‌ವರ್ಕರ್ ಇದೆ, ಜಾವಾದಲ್ಲಿ 2006ರಿಂದ ಸ್ವಿಂಗ್‌ವರ್ಕರ್ ಇದೆ. ಕ್ಯೂಟಿ ಎಂಬ ಇನ್ನೊಂದು ವೇದಿಕೆಯ ಪ್ರೋಗ್ರೆಸ್ ಡೈಲಾಗ್ ಅಂತೂ ಕೆಲಸ ಎಷ್ಟು ಹೊತ್ತು ಹಿಡಿಯಬಹುದೆಂದು ತಾನೇ ಅಂದಾಜಿಸಿ, 4 ಸೆಕೆಂಡು ಮೀರುವಂತಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಂದು ಮಾಯವಾಗುವ ಪೆಟ್ಟಿಗೆ ಬಳಸುವವರನ್ನು ಗಲಿಬಿಲಿಗೊಳಿಸುತ್ತದೆ ಎಂಬ ಕಾಳಜಿ ಅದರ ಹಿಂದಿದೆ. ಹೀಗಿದ್ದರೂ ನಮ್ಮಲ್ಲಿ ಅನೇಕರು ಅಡ್ಡದಾರಿ ಹಿಡಿಯುತ್ತೇವೆ. ವಿಷುವಲ್ ಬೇಸಿಕ್‌ನ ಡುಇವೆಂಟ್ಸ್, ಡೆಲ್ಫಿಯ ಪ್ರೋಸೆಸ್‌ಮೆಸೇಜಸ್ ಎಂಬ, ಸರದಿಯಲ್ಲಿ ನಿಂತ ಸಂದೇಶಗಳಿಗೆ ನಡುನಡುವೆ ಉತ್ತರಿಸುವ ಒಂದು ಸಾಲನ್ನು ಲೂಪಿನೊಳಗೆ ತೂರಿಸಿದರೆ ಕಿಟಕಿಗೆ ಜೀವ ಬಂದಂತೆ ಕಾಣುತ್ತದೆ. ಕಿಟಕಿಯ ಜೊತೆಗೆ ಅದರ ಮೇಲಿನ ಬಟನ್‌ಗಳಿಗೂ ಜೀವ ಬರುವುದನ್ನು ಮರೆಯುತ್ತೇವೆ. ಬಳಸುವವರು ಬಡ್ಡಿಯ ಬಟನ್ನನ್ನು ಇನ್ನೊಮ್ಮೆ ಒತ್ತಿದರೆ ಒಂದು ಲೆಕ್ಕದ ಹೊಟ್ಟೆಯೊಳಗೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದರಿಂದ ಒಬ್ಬ ವ್ಯಾಪಾರಿಯ ದಾಸ್ತಾನು ಎರಡೆರಡು ಬಾರಿ ಕಳೆದುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಡೈಲಾಗ್ ಇದ್ದರೆ ಸಾಲದು, ಅದು ನಿಜ ಹೇಳಬೇಕು. ಎಷ್ಟು ಶೇಕಡಾ ಮುಗಿದಿದೆ ಎಂದು ತೋರಿಸುವ ಪಟ್ಟಿ ಕಾಯುವವರಿಗೆ ಎಷ್ಟು ಮುಖ್ಯ ಎಂಬುದನ್ನು ಕಂಪ್ಯೂಟರ್ ಸಂಶೋಧಕ ಬ್ರಾಡ್ ಮೈಯರ್ಸ್ ಅವರು 1985ರಷ್ಟು ಹಿಂದೆಯೇ ಪ್ರಬಂಧವೊಂದರಲ್ಲಿ ಪ್ರಯೋಗಸಹಿತ ಮಂಡಿಸಿದ್ದರು. ನಮ್ಮ ತಂತ್ರಾಂಶಗಳಲ್ಲಿ ಆ ಪಟ್ಟಿ 99ಕ್ಕೆ ಬಂದು ಹತ್ತು ನಿಮಿಷ ನಿಲ್ಲುತ್ತದೆ. ದಾಖಲೆಗಳನ್ನು ಮಾತ್ರ ಎಣಿಕೆಗೆ ಹಿಡಿದು, ಕೊನೆಯಲ್ಲಿ ಡೇಟಾಬೇಸ್‌ಗೆ ಖಾಯಂ ಆಗಿ ಬರೆಯುವ, ಬ್ಯಾಕಪ್ ತೆಗೆಯುವ ಹೊತ್ತನ್ನು ಲೆಕ್ಕದಿಂದ ಹೊರಗಿಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಕೊನೆಗೆ ವೇಗ ಪಡೆಯುವ ಪಟ್ಟಿ ಬೇಗ ಮುಗಿದಂತೆ ಅನಿಸುತ್ತದೆ ಎಂದು 2007ರಲ್ಲಿ ಸಂಶೋಧಕ ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರ ಅಧ್ಯಯನವೊಂದು ತೋರಿಸಿತು. ಅದನ್ನು ನೆಪವಾಗಿಟ್ಟುಕೊಂಡು ಟೈಮರ್‌ನಿಂದ ಓಡಿಸುವ ಹುಸಿ ಪಟ್ಟಿಗಳನ್ನು ಹಾಕುವುದನ್ನು ನಾನು ಒಪ್ಪಲಾರೆ. ಮನಸ್ಸಿಗೆ ಹಿತವೆನಿಸಬಹುದು, ಆದರೆ ಕೆಲಸ ನಿಜವಾಗಿಯೂ ನಿಂತ ದಿನ ಆ ಪಟ್ಟಿ ಓಡುತ್ತಲೇ ಇರುತ್ತದೆ. ಒಟ್ಟು ಎಷ್ಟೆಂದು ಗೊತ್ತಿಲ್ಲದ ಹಂತದಲ್ಲಿ ಶೇಕಡಾ ತೋರಿಸದೆ, ಯಾವ ಕೆಲಸ ನಡೆದಿದೆ ಎಂದಷ್ಟೇ ಬರೆದರೆ ಸಾಕು.

ಆ ಬರಹ ಕನ್ನಡದಲ್ಲಿರಬೇಕು. ‘9,000 ಖಾತೆಗಳಲ್ಲಿ 4,212ನೆಯ ಖಾತೆಯ ಬಡ್ಡಿ ಲೆಕ್ಕ ನಡೆಯುತ್ತಿದೆ’ ಎಂಬ ಒಂದು ಸಾಲು ಇದ್ದಿದ್ದರೆ ಆ ಸಂಜೆ ಪವರ್ ಬಟನ್ ಒತ್ತುವ ಪ್ರಮೇಯವೇ ಬರುತ್ತಿರಲಿಲ್ಲ. ಕನ್ನಡ ಹಾಕುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಡೆ ಕತ್ತರಿಸಿಹೋಗುತ್ತವೆ. ‘ಲೆಕ್ಕ’ ಎಂಬುದು ‘ಲೆಕ’ ಆಗಿ ಕಾಣುವ ಡೈಲಾಗ್‌ಗಳನ್ನು ನಾನು ಹಲವು ಕಚೇರಿಗಳಲ್ಲಿ ಕಂಡಿದ್ದೇನೆ. ಎತ್ತರವನ್ನು ಅಕ್ಷರಶೈಲಿಗೆ ತಕ್ಕಂತೆ ಬಿಡುವುದು ಐದು ನಿಮಿಷದ ಕೆಲಸ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ‘ರದ್ದುಮಾಡಿ’ ಬಟನ್ನಿನ ವಿಷಯದಲ್ಲಿ. ಆ ಬಟನ್ ಒತ್ತಿದಾಗ ತಾನಾಗಿ ಏನೂ ನಿಲ್ಲುವುದಿಲ್ಲ; ನಿಲ್ಲಿಸಬೇಕೆಂಬ ಒಂದು ಗುರುತು ಬೀಳುತ್ತದೆ, ಅಷ್ಟೆ. ಲೂಪು ಪ್ರತಿ ಸುತ್ತಿನಲ್ಲೂ ಆ ಗುರುತನ್ನು ನೋಡಿ, ಅದುವರೆಗೆ ಮಾಡಿದ್ದನ್ನೆಲ್ಲ ಹಿಂದಕ್ಕೆ ಪಡೆದು, ಖಾತೆಗಳನ್ನು ಬಟನ್ ಒತ್ತುವ ಮುಂಚಿನ ಸ್ಥಿತಿಗೆ ತಂದು ನಿಲ್ಲಬೇಕು. ಇದು ಸಾಧ್ಯವಾಗಬೇಕಾದರೆ ಇಡೀ ಬಡ್ಡಿ ಲೆಕ್ಕ ಒಂದೇ ಟ್ರಾನ್ಸಾಕ್ಷನ್, ಅಂದರೆ ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಒಂದೇ ವಹಿವಾಟು ಆಗಿರಬೇಕು. ಆ ಸಂಘದ ತಂತ್ರಾಂಶ ಒಂದೊಂದು ಖಾತೆಯನ್ನೂ ಪ್ರತ್ಯೇಕವಾಗಿ ಖಾಯಂ ಮಾಡುತ್ತಾ ಹೋಗಿದ್ದರಿಂದಲೇ ಅರ್ಧಂಬರ್ಧ ಉಳಿಯಿತು. ರದ್ದಿಗೆ ಒತ್ತಿದ ಮೇಲೆ ‘ನಿಲ್ಲಿಸಲಾಗುತ್ತಿದೆ’ ಎಂಬ ಬರಹ ಬರಬೇಕು, ಡೈಲಾಗಿನ ಮೂಲೆಯ ಗುಣಿಸು ಚಿಹ್ನೆಯೂ ಅದೇ ಕೆಲಸ ಮಾಡಬೇಕು. ನಿಲ್ಲಿಸಲಾಗದ ಹಂತವೊಂದಿದ್ದರೆ ಬಟನ್ನನ್ನು ಮಸುಕಾಗಿಸಿ, ಕಾರಣವನ್ನು ಪಕ್ಕದಲ್ಲೇ ಬರೆಯಬೇಕು.

ತಂತ್ರಾಂಶ ಕೊಳ್ಳುವ ಆಡಳಿತ ಮಂಡಳಿಗಳಿಗೆ ನನ್ನ ಕೋರಿಕೆ ಇಷ್ಟೆ: ಹತ್ತು ಖಾತೆಗಳ ಡೆಮೊ ನೋಡಿ ಒಪ್ಪಬೇಡಿ. ನಿಮ್ಮ ಇಡೀ ವರ್ಷದ ಡೇಟಾದ ಪ್ರತಿಯೊಂದನ್ನು ಕೊಟ್ಟು ಓಡಿಸಿ, ನಡುವೆ ರದ್ದುಮಾಡಿ, ಮೊದಲಿನ ಶಿಲ್ಕು ಹಾಗೆಯೇ ಇದೆಯೇ ಎಂದು ತಾಳೆ ನೋಡಿ, ಆಮೇಲೆ ಹಣ ಕೊಡಿ. ಕಾಲೇಜುಗಳ ಪ್ರಯೋಗ ಪರೀಕ್ಷೆಗಳಲ್ಲೂ ವಿದ್ಯಾರ್ಥಿ ಬರೆದ ಪ್ರೋಗ್ರಾಮನ್ನು ಒಮ್ಮೆಯಾದರೂ ಒಂದು ಲಕ್ಷ ಸಾಲುಗಳ ಮೇಲೆ ಓಡಿಸುವ ಪದ್ಧತಿ ಬರಲಿ. ಮೇಲೆ ಹೇಳಿದ ಸಂಘದವರು ಈ ಷರತ್ತುಗಳನ್ನು ಬರವಣಿಗೆಯಲ್ಲಿ ಮಾಡಿಕೊಡುವಂತೆ ಕೇಳಿದರು, ಮಾಡಿಕೊಟ್ಟಿದ್ದೇನೆ. ಮುಂದಿನ ಮಾರ್ಚ್‌ಗೆ ಮುಂಚೆ ತಿದ್ದಿದ ತಂತ್ರಾಂಶವನ್ನು ಅದೇ ಗುಮಾಸ್ತೆಯವರ ಕೈಯಲ್ಲೇ ಪರೀಕ್ಷಿಸಲಾಗುವುದು ಎಂಬುದು ಅದರ ಕೊನೆಯ ಷರತ್ತು.

ಇತಿ ತಮ್ಮ ವಿಶ್ವಾಸಿ,
ತಂತ್ರಾಂಶ ಬರೆಯುವ ಓದುಗ, ಶಿವಮೊಗ್ಗ ಜಿಲ್ಲೆ