ಎರಡು ಗಾಳಿ ಸ್ಕೂಪ್‌ಗಳನ್ನು ಕೂರಿಸಿಕೊಟ್ಟವರಿಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸಮೀಪದ ಹ್ಯಾಂಗರೊಂದರಲ್ಲಿ, ಬಿಡಿಭಾಗಗಳ ಕಿಟ್ ತಂದು ನಾನೇ ಕಟ್ಟುತ್ತಿದ್ದ ಎರಡು ಆಸನಗಳ ಆರ್‌ವಿ-7 ವಿಮಾನಕ್ಕೆ ಕಳೆದ ವಾರ ಹಾರಾಟ ಯೋಗ್ಯತೆಯ ಪ್ರಮಾಣಪತ್ರ ದೊರೆಯಿತು. ಎಂಜಿನ್ ಮತ್ತು ರೆಕ್ಕೆಗಳ ಕೆಲಸದಲ್ಲಿ ನೆರವಾದವರಿಗೆ ಬೇರೆಯಾಗಿ ವಂದಿಸಿದ್ದೇನೆ. ಈ ಬರಹ, ಕಾಕ್‌ಪಿಟ್‌ಗೆ ಹೊರಗಾಳಿ ತರುವ ಎರಡು ಪ್ಲಾಸ್ಟಿಕ್ ಸ್ಕೂಪ್‌ಗಳನ್ನು ಒಡಲಿನ ಅಕ್ಕಪಕ್ಕದ ತಗಡಿಗೆ ಅಂಟಿಸಲು ಕೈಜೋಡಿಸಿದವರಿಗೆ ಮೀಸಲು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟುದ್ದದ ವಂದನೆಯೇ ಎಂದು ಕೇಳುವವರಿರಬಹುದು. ತಗಡುಗಳನ್ನು ಜೋಡಿಸುವ ರಿವೆಟ್ ಸರಿಯಾಗಿ ಕೂತಿದೆಯೇ ಎಂಬುದನ್ನು ಅದರ ತಲೆ ನೋಡಿ, ಅಳೆದು ಹೇಳಬಹುದು. ಅಂಟು ಒಳಗೆ ಹಿಡಿದಿದೆಯೋ ಇಲ್ಲವೋ ಎಂಬುದು ಮೇಲಿನಿಂದ ಕಾಣುವುದಿಲ್ಲವಾದ್ದರಿಂದ, ಅಲ್ಲಿ ಬಲ್ಲವರ ಮಾತೇ ಆಧಾರ.

ಮೊದಲ ವಂದನೆ, ಸ್ವಂತವಾಗಿ ವಿಮಾನ ಕಟ್ಟುವವರಿಗೆ ನೆರವಾಗುವ ಇಎಎ ಸಂಸ್ಥೆಯ ತಾಂತ್ರಿಕ ಸಲಹೆಗಾರರಿಗೆ. ಬಿಡಿಗಾಸನ್ನೂ ಪಡೆಯದೆ ಬಂದು, ತಗಡನ್ನೂ ಸ್ಕೂಪಿನ ಅಂಚನ್ನೂ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿಸಿದವರು ಅವರು. ಜಿಡ್ಡು ತೆಗೆಯುವ ಎಂಇಕೆ ದ್ರಾವಕ ಸ್ಕೂಪಿನ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆಯಾದ್ದರಿಂದ ಸ್ಕೂಪಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮಾತ್ರ ಬಳಸಬೇಕೆಂದೂ, ತಗಡಿನ ಮೇಲಿನ ದ್ರಾವಕ ತಾನಾಗಿ ಆರುವ ಮುನ್ನವೇ ಒಣಬಟ್ಟೆಯಿಂದ ಒರೆಸದಿದ್ದರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆಂದೂ ತಿಳಿಸಿಕೊಟ್ಟರು. ಆಮೇಲೆ ತಗಡಿಗೆ ಶುದ್ಧ ನೀರು ಚಿಮುಕಿಸಿದರು. ನೀರು ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ ಎಂದರ್ಥ. ಎಲ್ಲೂ ಒಡೆಯದ ತೆಳುಪೊರೆಯಾಗಿ ನಿಂತ ಮೇಲಷ್ಟೇ ಅವರು ಒಪ್ಪಿದ್ದು.

ಬೆಂಗಳೂರಿನ ಎಚ್‌ಎಎಲ್‌ನಿಂದ ನಿವೃತ್ತರಾದ ನನ್ನ ಸೋದರಮಾವ ಯಾವ ಅಂಟು ಹಚ್ಚಬೇಕೆಂಬ ಇನ್ನೊಂದು ಪ್ರಶ್ನೆಯನ್ನು ಫೋನಿನಲ್ಲೇ ಬಗೆಹರಿಸಿದರು. "ಎಪಾಕ್ಸಿ ಗಟ್ಟಿ ಅಂತ ಅದನ್ನೇ ಹಚ್ಚಬೇಡ ಕಣೋ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗೋದೇ ಬೇರೆ, ಅಲ್ಯೂಮಿನಿಯಂ ಹಿಗ್ಗೋದೇ ಬೇರೆ" ಎಂದರು. ಎಬಿಎಸ್ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎಪಾಕ್ಸಿಯಂಥ ಗಡಸು ಅಂಟು ಆ ಎಳೆದಾಟದಲ್ಲಿ ಬಿರುಕು ಬಿಡಬಹುದು. ಹಾಗಾಗಿ ಇಂಧನ ಟ್ಯಾಂಕಿನ ಸಂದುಗಳನ್ನು ಮುಚ್ಚಲು ಬಳಸುವ ಪಾಲಿಸಲ್ಫೈಡ್ ಸೀಲಂಟನ್ನೇ ಆರಿಸಿಕೊಂಡೆ. ಆರಿದ ಮೇಲೂ ಅದು ರಬ್ಬರಿನಂತೆ ಬಾಗುತ್ತದೆ. ಅದರ ಬಿಳಿ ಭಾಗ ಹತ್ತಕ್ಕೆ ಕಪ್ಪು ಭಾಗ ಒಂದರಂತೆ ತೂಕ ಮಾಡಿ ಕಲಸಬೇಕು. ಅದಕ್ಕಾಗಿ ತಮ್ಮ ಸೂಕ್ಷ್ಮ ತಕ್ಕಡಿಯನ್ನು ಕೊಟ್ಟ ಪಕ್ಕದ ಹ್ಯಾಂಗರಿನವರಿಗೂ, ಅದರ ಗಂಧಕದ ವಾಸನೆಯನ್ನು ಸಹಿಸಿಕೊಂಡವರಿಗೂ ನಾನು ಋಣಿ.

ನಿಜವಾದ ನಾಜೂಕಿನ ಕೆಲಸ ಮಾಡಿದ್ದು ನನ್ನ ಹೆಂಡತಿ. ನನ್ನ ಕೈ ತೂರದ ಇಕ್ಕಟ್ಟಿನಲ್ಲಿ ಒಳಗಿನಿಂದ ಸ್ಕೂಪನ್ನು ಒತ್ತಿ ಹಿಡಿದು, ಉಕ್ಕಿ ಬಂದ ಸೀಲಂಟನ್ನು ಬೆರಳಿನಿಂದ ಅಂಚಿನುದ್ದಕ್ಕೂ ಸಮನಾಗಿ ಸವರಿದಳು. ಹೊರಗೆ ಉಕ್ಕಿದ್ದನ್ನು ನಾನು ಆಗಲೇ ಒರೆಸುತ್ತಿದ್ದೆ. ಹೊರಗಿನ ಅಚ್ಚುಕಟ್ಟು ಬರೀ ಅಂದಕ್ಕಲ್ಲ. ಈ ಬಗೆಯ ಸ್ಕೂಪಿನ ಕಿಂಡಿ ವಿಮಾನದ ಮೈಯಿಂದ ಉಬ್ಬಿ ನಿಲ್ಲುವುದಿಲ್ಲ. ಅದರ ಬಾಗಿದ ಪಕ್ಕದಂಚುಗಳು ಚೂಪಾಗಿದ್ದರೆ ಅಲ್ಲಿ ಸುಳಿಗಳೆದ್ದು ವೇಗದ ಗಾಳಿಯನ್ನು ಒಳಕ್ಕೆಳೆಯುತ್ತವೆ. ಸೀಲಂಟ್ ಅಲ್ಲಿ ನಿಂತು ಅಂಚು ಗುಂಡಗಾದರೆ ಆ ಸುಳಿ ಕುಗ್ಗುತ್ತದೆ. 1945ರಲ್ಲಿ ನಾಸಾಗೆ ಮುಂಚಿನ ನಾಕಾ ಸಂಸ್ಥೆಯವರು ಈ ಬಗೆಯ ಕಿಂಡಿಯನ್ನು ಪರೀಕ್ಷಿಸಿ ರೂಪಿಸಿದ ಏಮ್ಸ್ ಪ್ರಯೋಗಾಲಯ ನಮಗೆ ಹತ್ತಿರದ ಮೊಫೆಟ್ ಫೀಲ್ಡಿನಲ್ಲೇ ಇದೆ. ಆ ಸಂಶೋಧಕರಿಗೂ ಒಂದು ನಮಸ್ಕಾರ.

ಮೊದಲ ಹಾರಾಟದಲ್ಲಿ ಎರಡೂ ಸ್ಕೂಪ್‌ಗಳಿಂದ ಚೆನ್ನಾಗಿ ಗಾಳಿ ಬಂತು. ಇಳಿದ ಮೇಲೆ ಅಂಚುಗಳನ್ನು ಪರಿಶೀಲಿಸಿದಾಗ ಎಲ್ಲೂ ಬಿಟ್ಟಿರಲಿಲ್ಲ. 25 ಗಂಟೆಗಳ ಪರೀಕ್ಷಾ ಹಾರಾಟ ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಮುಗಿದ ಕೂಡಲೇ ಬಲಗಡೆಯ ಆಸನ ಮೊದಲು ನನ್ನ ಹೆಂಡತಿಯದು, ನಂತರ ಸಲಹೆಗಾರರದು, ಆಮೇಲೆ ತಕ್ಕಡಿಯವರದು. ಮಾವ ವೀಸಾ ಪಡೆದು ಬರುವುದಾದರೆ ಈ ಸರದಿಯನ್ನು ಬದಲಿಸಲು ಉಳಿದವರೆಲ್ಲ ಈಗಾಗಲೇ ಒಪ್ಪಿದ್ದಾರೆ.