ಮೊದಲ ಹೆಲಿಕಾಪ್ಟರ್ ರಕ್ಷಣೆ: ಅಸ್ಸಾಂ ಏಕೆ ನೆನಪಾಗುವುದಿಲ್ಲ?

ಮಾನ್ಯ ಸಂಪಾದಕರೇ,

ನೆರೆ ಬಂದಾಗಲೆಲ್ಲ ಹೆಲಿಕಾಪ್ಟರ್ ಜನರನ್ನು ಮೇಲೆತ್ತುವ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಜೊತೆಗೆ ಇತಿಹಾಸ ಹೇಳಲು ಹೊರಟವರು ಸಾಮಾನ್ಯವಾಗಿ ಕೊರಿಯಾ ಇಲ್ಲವೇ ವಿಯೆಟ್ನಾಂ ಯುದ್ಧದಿಂದ ಶುರು ಮಾಡುತ್ತಾರೆ. ಆದರೆ ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಮೊದಲ ಸಲ ಜನರನ್ನು ಪಾರು ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ, 1944ರ ಏಪ್ರಿಲ್‌ನಲ್ಲಿ, ಬರ್ಮಾದ ಕಾಡಿನಲ್ಲಿ. ಅದು ಹೊರಟಿದ್ದು ನಮ್ಮ ಅಸ್ಸಾಂನ ಲಾಲಾಘಾಟ್‌ನಿಂದ.

ಆ ಹೆಲಿಕಾಪ್ಟರ್, ಇಗೋರ್ ಸಿಕೋರ್ಸ್ಕಿ ರೂಪಿಸಿದ ಆರ್-4, ಅಂಥ ಬಲಶಾಲಿ ಯಂತ್ರವೇನಲ್ಲ. 1942ರ ಜನವರಿಯಲ್ಲಿ ಮೊದಲ ಹಾರಾಟ. ಎರಡೇ ಸೀಟು, ಸುಮಾರು 200 ಅಶ್ವಶಕ್ತಿಯ ಎಂಜಿನ್. ಬರ್ಮಾದ ಬಿಸಿಲಿಗೆ ಗಾಳಿ ತೆಳುವಾಗಿ, ಪೈಲಟ್ ಜೊತೆ ಇನ್ನೊಬ್ಬರನ್ನು ಎತ್ತುವುದೇ ಕಷ್ಟವಾಗಿತ್ತು.

ಜಪಾನಿ ಸೇನೆಯ ಹಿಡಿತದಲ್ಲಿದ್ದ ಜಾಗದಲ್ಲಿ ಅಮೆರಿಕದ ಸಣ್ಣ ವಿಮಾನವೊಂದು ಅಪಘಾತಕ್ಕೀಡಾಗಿ ನೆಲಕ್ಕಿಳಿದಿತ್ತು. ಅದರ ಪೈಲಟ್, ಮೂವರು ಗಾಯಾಳು ಬ್ರಿಟಿಷ್ ಸೈನಿಕರು ಕಾಡಿನಲ್ಲಿ ಅಡಗಿದ್ದರು. ವಿಮಾನ ಇಳಿಸಲು ಅಲ್ಲಿ ಜಾಗವಿರಲಿಲ್ಲ. ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಆರ್-4 ತಂದು ಒಬ್ಬೊಬ್ಬರನ್ನಾಗಿ ಹೊತ್ತೊಯ್ದರು. ನದಿ ಪಕ್ಕದ ಮರಳುದಿಣ್ಣೆಗೆ ಬಿಟ್ಟರೆ, ಮುಂದಕ್ಕೆ ಸಣ್ಣ ವಿಮಾನಗಳು ಕರೆದೊಯ್ಯುತ್ತಿದ್ದವು. ಇಬ್ಬರನ್ನು ತರುವಷ್ಟರಲ್ಲಿ ಎಂಜಿನ್ ಕಾದು ಕೈಕೊಟ್ಟಿತು. ರಾತ್ರಿ ಕಾಯದೆ ಬೇರೆ ದಾರಿ ಇರಲಿಲ್ಲ. ಮರುದಿನ ಉಳಿದಿಬ್ಬರೂ ಬಂದರು. (ಈ ಹಾರ್ಮನ್ ಮುಂದೆ ನ್ಯೂಯಾರ್ಕ್‌ನಲ್ಲಿ ಸಂಗೀತ ವಿಮರ್ಶಕರಾದರು ಅಂದರೆ ನಂಬೋದು ಕಷ್ಟ ಅಲ್ವಾ?)

ಅದೇ ವರ್ಷ ಜನವರಿಯಲ್ಲಿ, ನ್ಯೂಯಾರ್ಕ್ ಬಳಿ ಯುದ್ಧನೌಕೆಯೊಂದು ಸ್ಫೋಟಗೊಂಡಾಗ, ಅಮೆರಿಕದ ಕರಾವಳಿ ರಕ್ಷಣಾ ಪಡೆಯ ಫ್ರಾಂಕ್ ಎರಿಕ್ಸನ್ ಇದೇ ಮಾದರಿಯ ಹೆಲಿಕಾಪ್ಟರ್‌ನಲ್ಲಿ ಹಿಮಗಾಳಿಯ ನಡುವೆ ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ಒಯ್ದಿದ್ದರು. ಅದು ಅಮೆರಿಕದವರಿಗೆ ಚೆನ್ನಾಗಿ ನೆನಪಿದೆ. ಲಾಲಾಘಾಟ್ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಇದರಲ್ಲಿ ಬೆಂಗಳೂರಿಗೂ ಸ್ವಲ್ಪ ಪಾಲಿದೆ. 1943ರಿಂದ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ ಅಮೆರಿಕ ಸೇನೆಯ ವಾಯುಪಡೆಯ ಕೈಯಲ್ಲಿತ್ತು. ಇದೇ ಯುದ್ಧರಂಗದ ವಿಮಾನಗಳು ಇಲ್ಲಿ ರಿಪೇರಿಯಾಗುತ್ತಿದ್ದವು. ಮುಂದೆ ಚೇತಕ್, ಧ್ರುವ್ ಹೆಲಿಕಾಪ್ಟರ್‌ಗಳು ತಯಾರಾಗಿದ್ದೂ ಎಚ್‌ಎಎಲ್‌ನಲ್ಲೇ. ಹಾಗಾಗಿ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಲಾಲಾಘಾಟ್ ಬಗ್ಗೆ ಕನ್ನಡದಲ್ಲೂ ಒಂದು ಫಲಕ ಇರಬೇಕು. ಶಾಲಾ ಮಕ್ಕಳು ಅಲ್ಲಿಗೆ ಹೋಗ್ತಾರೆ. ನಿಮ್ಮ ಪತ್ರಿಕೆ ಈ ಮಾತನ್ನು ಸಂಬಂಧಪಟ್ಟವರ ಗಮನಕ್ಕೆ ತಂದರೆ ಸಂತೋಷ.

ಇಂತಿ,
ನಿಮ್ಮ ಓದುಗ, ಮೈಸೂರು